ಉರಿಗಣ್ಣನ ಹುಲ್ಲು, ಅಕ್ಕನ ಮಂಡಿ

ಮನೆಗಳ ಅಂಗಳಕ್ಕೆ ಹುಲ್ಲುಹಾಸು ಹಾಕುವುದನ್ನೇ ಕಸುಬು ಮಾಡಿಕೊಂಡಿದ್ದ ಆ ಮನುಷ್ಯನಿಗೆ ಜನ ಇಟ್ಟ ಹೆಸರು ಉರಿಗಣ್ಣ. ಕೊನೆಯಲ್ಲಿ ಕೇಳಿಸುವ 'ಅಣ್ಣ' ಮರ್ಯಾದೆಗೆಂದು ಅವನು ನಂಬಿದ್ದ. ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ಕಣ್ಣು. ಬೇರೆಯವರಿಗೆ ಸಿಟ್ಟು ಬರುತ್ತದೆ, ಹೋಗುತ್ತದೆ. ಇವನ ಸಿಟ್ಟು ಮೂಗಿನ ತುದಿಯಲ್ಲಿ ಸ್ವಂತ ಮನೆ ಕಟ್ಟಿಕೊಂಡು ಕೂತಿತ್ತು.

ಅವನ ಶತ್ರುಗಳ ಪಟ್ಟಿಯಲ್ಲಿ ಚೂಪು ಹಿಮ್ಮಡಿಯ ಚಪ್ಪಲಿಗಳು, ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು, ಸಕಲ ಜಾತಿಯ ನಾಯಿಗಳು ಇದ್ದವು. ಎಲ್ಲಕ್ಕಿಂತ ಮೇಲೆ, "ಹುಲ್ಲು ತಾನೇ, ಬಿಡಪ್ಪ" ಅನ್ನುವವರು. ಒಮ್ಮೆ ಒಬ್ಬ ಬ್ಯಾಂಕ್ ಮ್ಯಾನೇಜರರು ಆ ಮಾತಂದು ಬಾಯಿ ಮುಚ್ಚುವಷ್ಟರಲ್ಲಿ, ಉರಿಗಣ್ಣ ಆಗತಾನೇ ಹಾಸಿದ್ದ ಹುಲ್ಲನ್ನೆಲ್ಲ ಚಾಪೆಯಂತೆ ಸುತ್ತಿ, ವ್ಯಾನಿಗೆ ತುಂಬಿಕೊಂಡು ಹೊರಟೇಬಿಟ್ಟ. ಮ್ಯಾನೇಜರರು ಕೆಸರಿನ ನಡುವೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಚಹಾ ಹಿಡಿದು, ತಮ್ಮ ಅಂಗಳ ಬೀದಿಯ ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತ ಕೂತಿದ್ದರಂತೆ.

ಇಂಥ ವೀರನಿಗೊಂದು ಪ್ರತಿಜ್ಞೆ ಇತ್ತು: ಚಳಿಗಾಲದಲ್ಲಿ ಹುಲ್ಲು ಹಾಸುವುದಿಲ್ಲ. ಚಳಿಯಲ್ಲಿ ಹುಲ್ಲು ನಿದ್ದೆ ಮಾಡುತ್ತದೆ, ಕೆಳಗೆ ಬೇರು ಇಳಿಸುವುದಿಲ್ಲ, ಬೇರಿಲ್ಲದ ಹುಲ್ಲಿಗೂ ನೆಲದ ಮೇಲೆ ಬಿಸಾಡಿದ ಕಂಬಳಿಗೂ ವ್ಯತ್ಯಾಸವಿಲ್ಲ. "ಚಳಿಗಾಲದಲ್ಲಿ ಹುಲ್ಲು ಹಾಸೋನು ಶತಮೂರ್ಖ" ಎಂದು ಅವನು ಎದುರಿಗೆ ಸಿಕ್ಕವರಿಗೆಲ್ಲ ಸಾರುತ್ತಿದ್ದ. ಈ ಮಾತನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡವಳು ಅವನ ಅಕ್ಕ.

ಅಕ್ಕ ಟೆಲಿಫೋನ್ ಆಫೀಸಿನಲ್ಲಿ ಕೂತು ಜನರ ಮಾತುಗಳನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ಜೋಡಿಸಿ ನಿವೃತ್ತಳಾದವಳು. ಚಳಿ ಶುರುವಾಗುವ ಹೊತ್ತಿಗೆ, ಮನೆ ಹಿಂದಿನ ಕಲ್ಲುಚಪ್ಪಡಿಯ ಅಂಗಳದಲ್ಲಿ ಬಟ್ಟೆ ಒಣಹಾಕಲು ಹೋಗಿ ಜಾರಿಬಿದ್ದು ಮಂಡಿಚಿಪ್ಪು ಒಡೆದುಕೊಂಡಳು. ಮೂಳೆ ಕೂಡಿತು. ಆದರೆ ಧೈರ್ಯ ಕೂಡಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತವಳು ಏಳಲೊಲ್ಲಳು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಥೆರಪಿಸ್ಟ್ ಹುಡುಗಿ ನೇರವಾಗಿಯೇ ಹೇಳಿದಳು: "ಅಮ್ಮಾ, ಈ ಚಳಿಗಾಲ ಕಳೆಯೋದ್ರೊಳಗೆ ಮಂಡಿ ಆಡಿಸ್ಲಿಲ್ಲ ಅಂದ್ರೆ, ಆಮೇಲೆ ಅದು ಆಡೋದೇ ಇಲ್ಲ. ಈ ಕುರ್ಚೀನೇ ಗತಿ."

"ಆ ಕಲ್ಲಿನ ಮೇಲೆ ನಾನು ಕಾಲಿಡಲ್ಲ. ಮೆತ್ತಗಿನ ನೆಲ ಇದ್ರೆ ನಡೀತಿದ್ದೆ," ಎಂದಳು ಅಕ್ಕ. ಆಮೇಲೆ ತಮ್ಮನ ಕಡೆ ತಿರುಗಿ, ಮುಖದಲ್ಲಿ ಮಹಾ ಸಾತ್ವಿಕ ಕಳೆ ತಂದುಕೊಂಡು, "ಹುಲ್ಲಿದ್ರೆ ಚೆನ್ನಾಗಿತ್ತು. ಏನ್ಮಾಡೋದು, ಈಗ ಚಳಿಗಾಲ," ಅಂದಳು.

ತನ್ನ ಪ್ರತಿಜ್ಞೆಯನ್ನೇ ಅಕ್ಕ ಗುರಾಣಿ ಮಾಡಿಕೊಂಡಿದ್ದಾಳೆಂದು ಉರಿಗಣ್ಣನಿಗೆ ಹೊಳೆಯಿತು. ಕಿವಿ ಕೆಂಪಾಯಿತು.

"ನಾಳೆ ಬರ್ತೀನಿ," ಅಂದ. "ಕಲ್ಲು ಕೀಳ್ತೀನಿ."

"ಶತಮೂರ್ಖ ಅಂತಿದ್ಯಲ್ಲೋ?"

"ಹೌದು. ನಿನ್ನ ತಮ್ಮ ಅಲ್ವಾ?"

ಮರುದಿನ ಹಾರೆ, ಗುದ್ದಲಿ, ಹಲಗೆಗಳೊಂದಿಗೆ ದಂಡಯಾತ್ರೆ ಹೊರಟಿತು. ಅಕ್ಕನನ್ನು ಕೆಡವಿದ ಚಪ್ಪಡಿಗಳನ್ನು ಅವನು ಒಂದೊಂದಾಗಿ ಹೆಸರು ಹಿಡಿದು ಬೈಯುತ್ತ ಎಬ್ಬಿಸಿದ. ಕೆಳಗಿನ ಮಣ್ಣು ಚಳಿಗೆ ಬಿಗಿದುಕೊಂಡು, ಗುದ್ದಲಿ ಹಾಕಿದರೆ ಠಣ್ಣೆನ್ನುತ್ತಿತ್ತು. ಅದನ್ನೂ ಬೈದ. ಹೆಂಟೆ ಒಡೆದು, ಸಮ ಮಾಡಿ, ನುಣ್ಣನೆ ಮರಳು ಬೆರೆಸಿ, ಹುಲ್ಲಿನ ಸುರುಳಿ ಬಿಚ್ಚತೊಡಗಿದ. ಇಟ್ಟಿಗೆ ಗೋಡೆಯಂತೆ ಸಂದು ಸಂದಿಗೆ ಸೇರದ ಹಾಗೆ, ಅಂಚಿಗೆ ಅಂಚು ಒತ್ತಿ. ಹಾಸಿದ ಹುಲ್ಲಿನ ಮೇಲೆ ಸ್ವತಃ ಅವನೂ ಕಾಲಿಡುವಂತಿರಲಿಲ್ಲ. ಹಲಗೆ ಹಾಕಿ ಅದರ ಮೇಲೆ ಮಂಡಿಯೂರಿ ಮುಂದೆ ಸರಿಯುತ್ತಿದ್ದ.

ಇದ್ದ ಸಹಾಯವೆಂದರೆ ಭಾವ. ಅಕ್ಕನ ಗಂಡ. ಈಚೆ ಕಡ್ಡಿಯನ್ನು ಆಚೆ ಇಡದ ಆ ಪುಣ್ಯಾತ್ಮ, ಶಾಲು ಹೊದ್ದು, ಫ್ಲಾಸ್ಕ್ ಹಿಡಿದು, ಸಲಹೆ ಕೊಡುತ್ತ ನಿಂತಿದ್ದರು. ಹಾಗೇ ಒಂದು ಹೆಜ್ಜೆ ಮುಂದಿಟ್ಟರು.

"ಭಾವಾ! ಕಾಲು! ಕಾಲು ತೆಗೀರಿ!"

"ಎಲ್ಲಿಡ್ಲಪ್ಪ?"

"ತಲೆ ಮೇಲೆ ಇಟ್ಕೊಳ್ಳಿ! ಬಿಳೀ ಇಬ್ಬನಿ ಗಟ್ಟಿ ಕಟ್ಟಿದೆ, ಕಾಣಲ್ವಾ? ಈಗ ತುಳಿದ್ರೆ ಎಸಳು ಪುಡಿಪುಡಿ. ಎರಡು ದಿನ ಬಿಟ್ಟು ನಿಮ್ಮ ಹೆಜ್ಜೆ ಕಪ್ಪಗೆ ಮೂಡುತ್ತೆ, ಕಳ್ಳ ಬಂದು ಹೋದ ಹಾಗೆ!"

ಅಂತೂ ಅಂಗಳ ಹಸಿರಾಯಿತು. ಥೆರಪಿಸ್ಟ್ ಹುಡುಗಿ ಚಪ್ಪಾಳೆ ತಟ್ಟಿ, "ಏಳಿ ಅಮ್ಮಾ, ಶುರು ಮಾಡೋಣ," ಅಂದಳು. ಅಕ್ಕ ಬೇರೆ ದಾರಿ ಕಾಣದೆ ಕೋಲಿಗೆ ಕೈ ಹಾಕಿದಳು. ಆಗ ಉರಿಗಣ್ಣ ಗುಡುಗಿದ:

"ಯಾರಾದ್ರೂ ಕಾಲಿಟ್ರೆ ಕಾಲು ಮುರೀತೀನಿ!"

"ಮುರಿದಾಗಿದೆ ಕಣೋ," ಎಂದು ಅಕ್ಕ ಸಂತೋಷದಿಂದ ಮತ್ತೆ ಕುರ್ಚಿಗೆ ಒರಗಿದಳು.

ಹುಡುಗಿ ಸೊಂಟಕ್ಕೆ ಕೈ ಕೊಟ್ಟಳು. "ಹಾಗಾದ್ರೆ ಇದನ್ನ ಹಾಸಿದ್ದು ಯಾತಕ್ಕೆ?"

"ನಡೆಯೋಕೆ. ಆದ್ರೆ ಮೊದ್ಲು ಹಿಡೀಬೇಕು. ಮೂಲೆ ಹಿಡಿದು ಎಳೆದ್ರೆ ಮೇಲಕ್ಕೆ ಬರಬಾರದು. ಆಗ ಬೇರು ಹಿಡೀತು ಅಂತ ಅರ್ಥ."

"ನಿಮ್ಮ ಹುಲ್ಲಿಗೆ ಬೇರು ಬರೋಷ್ಟರಲ್ಲಿ ಇವರ ಮಂಡಿಗೂ ಬೇರು ಬಂದು ಕುರ್ಚಿಗೆ ಇಳಿದಿರುತ್ತೆ!"

ಮಾತು ನಾಟಿತು. ನಾಟಿದ್ದರಿಂದಲೇ ಅವನ ಸಿಟ್ಟು ದುಪ್ಪಟ್ಟಾಯಿತು. ಬೇರು ಇಳಿಯದ ಹುಲ್ಲಿನ ಮೇಲೆ ಅಕ್ಕ ಕಾಲಿಟ್ಟು, ಅದು ಕಂಬಳಿಯಂತೆ ಸರಿದು, ಅವಳು ಮತ್ತೆ ಬಿದ್ದರೆ? ಅದನ್ನು ಬಾಯಿ ಬಿಟ್ಟು ಹೇಳುವ ಬದಲು ಅಂಗಳದ ಸುತ್ತ ಹಗ್ಗ ಕಟ್ಟಿದ. ದಿನವೂ ಬೆಳಿಗ್ಗೆ ಫೋನ್ ಮಾಡಿ ಭಾವನಿಂದ ಮೂಲೆ ಎಳೆಸಿ ವರದಿ ತರಿಸಿಕೊಳ್ಳುತ್ತಿದ್ದ. ವರದಿ ದಿನವೂ ಒಂದೇ: "ಬರ್ತಾ ಇದೆಯಪ್ಪ, ದೋಸೆ ಎದ್ದ ಹಾಗೆ." ಇತ್ತ ಅಕ್ಕನ ಮಂಡಿ ಮಡಚುವುದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಭಾವ ಸ್ನಾನಕ್ಕೆ ಹೋಗಿದ್ದರು. ಫೋನ್ ಎತ್ತಿದವಳು ಅಕ್ಕ. ಹಿಂದಿನ ದಿನದಿಂದ ಅವಳ ಮಂಡಿ ಮರಗಟ್ಟಿ ವಿಪರೀತ ನೋಯುತ್ತಿತ್ತು.

"ಹಿಡೀತಾ?" ಎಂದ ಉರಿಗಣ್ಣ, ಎಂದಿನ ಹಾಗೆ.

ತಮ್ಮ ತನ್ನ ಮಂಡಿಯನ್ನು ವಿಚಾರಿಸುತ್ತಿದ್ದಾನೆಂದು ಅಕ್ಕನ ಕಣ್ಣು ತುಂಬಿತು. "ಹಿಡ್ಕೊಂಡಿದೆ ಕಣೋ. ಕಲ್ಲಿನ ಹಾಗೆ ಹಿಡ್ಕೊಂಡಿದೆ."

"ಎಳೆದು ನೋಡಿದ್ರಾ?"

"ನಿಮ್ಮ ಭಾವ ಎಳೆದ್ರು. ಒಂದಿಷ್ಟೂ ಜಗ್ಗಲಿಲ್ಲ."

"ಭೇಷ್!" ಅವನ ಕೂಗಿಗೆ ಫೋನ್ ನಡುಗಿತು. "ಇಷ್ಟು ದಿನ ಇದಕ್ಕೇ ಕಾಯ್ತಿದ್ದೆ ನಾನು!"

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಇನ್ನೇನೂ ಯೋಚನೆ ಮಾಡ್ಬೇಡ. ಈಗ್ಲೇ ಬರ್ತೀನಿ. ಮೇಲೆ ಒಂದ್ಸಲ ರೋಲರ್ ಓಡಿಸ್ತೀನಿ. ಅಲ್ಲಲ್ಲಿ ಉಬ್ಬಿದ್ರೆ ಹಾರೆ ಹಾಕಿ ಎಬ್ಬಿಸೋಣ. ಅಂಚು ಕತ್ತರಿಸಿದ್ರೆ ಆಯ್ತು, ನೋಡೋಕೆ ಲಕ್ಷಣವಾಗಿರುತ್ತೆ!"

ಜನ್ಮವಿಡೀ ಊರಿನ ಮಾತು ಜೋಡಿಸಿದವಳು ಫೋನನ್ನು ಪಟ್ಟನೆ ಕುಕ್ಕಿದಳು. ಸ್ನಾನ ಮುಗಿಸಿ ಬಂದ ಭಾವನಿಗೆ ಹೇಳಿದ್ದು ಇಷ್ಟೇ: "ನನ್ನ ಮಂಡಿ ಮೇಲೆ ರೋಲರ್ ಓಡಿಸ್ತಾನಂತೆ ನನ್ನ ತಮ್ಮ. ಬರ್ಲಿ."

ಅವನು ಬಂದ. ಹಿಂಬಾಗಿಲ ಗೇಟು ತೆಗೆದು, ನಿಜವಾದ ಕಬ್ಬಿಣದ ರೋಲರನ್ನು ಗಡಗಡ ಉರುಳಿಸುತ್ತ ಬಂದ. ಕಿಟಕಿಯಿಂದ ಅದನ್ನು ಕಂಡ ಅಕ್ಕ ಕುರ್ಚಿಯ ಕೈ ಒತ್ತಿ ಎದ್ದಳು. ಕೋಲು ಹಿಡಿದಳು. ಹೊಸ್ತಿಲು ದಾಟಿದಳು. ಕೋಲಿನಿಂದ ಹಗ್ಗ ಇಳಿಸಿ, ಇಬ್ಬನಿ ಇನ್ನೂ ಬೆಳ್ಳಗೆ ಕೂತಿದ್ದ ಹುಲ್ಲಿನ ಮೇಲೆ ಕಾಲಿಟ್ಟಳು.

"ರೋಲರ್ ಓಡಿಸ್ತೀಯಾ? ಓಡ್ಸೋ ನೋಡೋಣ! ಹಾರೆ ಹಾಕ್ತೀಯಾ ನನ್ನ ಕಾಲಿಗೆ? ನಿನ್ನನ್ನ ಎತ್ತಿ ಆಡಿಸಿದ ಕಾಲು ಕಣೋ ಇದು, ಕಟುಕಾ!"

ಕೋಲು ಕುತ್ತಿದಲ್ಲೆಲ್ಲ ಹುಲ್ಲು ಸಿಪ್ಪೆಯಂತೆ ಎದ್ದು ಬಂತು. ಬೇರೂ ಇಲ್ಲ, ಗೀರೂ ಇಲ್ಲ. ಉರಿಗಣ್ಣನಿಗೆ ಫೋನಿನ ಮಾತೆಲ್ಲ ಒಮ್ಮೆಗೇ ಅರ್ಥವಾಯಿತು. ಅವನ ಬಾಯಿ ತೆರೆಯಿತು. "ಹುಲ್ಲು ಬಿಟ್ಟು ಇಳಿ" ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು.

ಅಷ್ಟರಲ್ಲಿ ಅವನು ಅವಳ ಮಂಡಿ ನೋಡಿದ. ಅದು ಮಡಚುತ್ತಿತ್ತು. ಪ್ರತಿ ಬೈಗುಳಕ್ಕೂ ಒಂದು ಹೆಜ್ಜೆ.

ತಪ್ಪು ತಿದ್ದಿದರೆ ಸಿಟ್ಟಿಳಿಯುತ್ತದೆ. ಸಿಟ್ಟಿಳಿದರೆ ಅವಳು ಕೂತುಬಿಡುತ್ತಾಳೆ. ಹಾಗೆಂದು ಸಿಟ್ಟಿನ ವಿಷಯದಲ್ಲಿ ಮಹಾಪಂಡಿತನಾದ ಅವನು ಕ್ಷಣದಲ್ಲಿ ಲೆಕ್ಕ ಹಾಕಿ, ರೋಲರ್ ಬಿಟ್ಟು, ತನ್ನದೇ ಹುಲ್ಲಿನ ಮೇಲೆ ಹಿಂದು ಹಿಂದಕ್ಕೆ ಹೆಜ್ಜೆ ಹಾಕತೊಡಗಿದ. ಕಾಲಡಿ ಎಸಳು ಕರಕರ ಮುರಿಯುವುದು ಕೇಳಿಸುತ್ತಿತ್ತು.

"ಒಂದ್ಸಲ ಅಲ್ಲ, ಎರಡು ಸಲ ಓಡಿಸ್ತೀನಿ!" ಎಂದ, ಹಲ್ಲು ಕಚ್ಚಿ.

"ಏನಂದೇ?" ಇನ್ನೆರಡು ಹೆಜ್ಜೆ.

"ಅಂಚೂ ಕತ್ತರಿಸ್ತೀನಿ!"

ಹಿಂದಿನಿಂದ ಭಾವ ಕುರ್ಚಿ ಎತ್ತಿಕೊಂಡು ಓಡಿ ಬಂದರು. ಜೀವಮಾನದಲ್ಲಿ ಒಮ್ಮೆ ಕೆಲಸ ಮಾಡಲು ಹೊರಟರೆ ಅದೂ ತಪ್ಪು ಹೊತ್ತಿನಲ್ಲಿ. "ಕುರ್ಚಿ ತಂದ್ರೆ ಜಾಗ್ರತೆ ಭಾವಾ!" ಎಂದು ಉರಿಗಣ್ಣ ಅಬ್ಬರಿಸಿದ. "ಇಡ್ರೀ ಕೆಳಗೆ!" ಎಂದು ಅಕ್ಕನೂ ಅಬ್ಬರಿಸಿದಳು. ಭಾವ ಕುರ್ಚಿ ಇಟ್ಟು ಅದರಲ್ಲಿ ತಾವೇ ಕೂತರು.

ಗೇಟಿಗೆ ಬೆನ್ನು ತಾಗಿ ಉರಿಗಣ್ಣ ನಿಂತ. ಕೋಲಿನ ಎರಡು ಏಟು ಭುಜಕ್ಕೆ ತಿಂದ ಮೇಲೆ, "ನಾನು ಕೇಳಿದ್ದು ಹುಲ್ಲಿನ ವಿಷಯ, ಮಹಾತಾಯಿ," ಅಂದ. ಅಕ್ಕ ತಿರುಗಿ ನೋಡಿದಳು. ಮನೆ ಬಾಗಿಲು ಅಷ್ಟು ದೂರದಲ್ಲಿತ್ತು. ನಡುವೆ ಹುಲ್ಲು ಯುದ್ಧ ಮುಗಿದ ಬಯಲಿನಂತೆ ಚಿಂದಿಯಾಗಿ ಬಿದ್ದಿತ್ತು.

"ವಾಪಸ್ ಹೋಗೋಕೆ ಕೈ ಕೊಡ್ಲಾ?"

"ಕೊಟ್ರೆ ಕಚ್ತೀನಿ," ಎಂದು ಅವಳು ಬಂದ ದಾರಿಯಲ್ಲೇ ಹೊರಟಳು, ಬಂದದ್ದಕ್ಕಿಂತ ನಿಧಾನವಾಗಿ.

ಮುಂದಿನ ಸಲ ಬಂದ ಥೆರಪಿಸ್ಟ್ ಹುಡುಗಿ, ಅಂಗಳದ ತುಂಬ ಮೂಡಿದ್ದ ಕಪ್ಪು ಹೆಜ್ಜೆಗಳನ್ನು ನೋಡಿ, "ದಿನಾ ನಡೀತಿದ್ದೀರಾ ಅಮ್ಮಾ?" ಎಂದು ಕೇಳಿದಳು.

"ನಡೀತಿಲ್ಲ," ಅಂದಳು ಅಕ್ಕ. "ತುಳೀತಿದ್ದೀನಿ."

ಆಚೆ ಹಲಗೆಯ ಮೇಲೆ ಮಂಡಿಯೂರಿ ಉರಿಗಣ್ಣ, ಶಪಿಸುತ್ತ, ಕಪ್ಪಾದ ಪಟ್ಟಿ ಕಿತ್ತು ಹೊಸ ಸುರುಳಿ ಬಿಚ್ಚುತ್ತಿದ್ದ. ಅಕ್ಕ ಕೋಲೂರಿ ಅವನ ತಲೆಯ ಹತ್ತಿರವೇ ಹೋಗಿ ನಿಂತಳು.

"ಬೇಗ ಮುಗಿಸೋ. ಎಷ್ಟೊತ್ತು ಕಾಯ್ಲಿ ನಾನು?"