ಸಾವಿನ ತಾಳಕ್ಕೆ ಕುಣಿದ ಶಾಲೆ

ಕಳೆದ ಶುಕ್ರವಾರ ಮಧ್ಯಾಹ್ನ ನಾನು ಬರಿಗಾಲಲ್ಲಿ ಓಡಿದೆ. ಈ ವಯಸ್ಸಿನಲ್ಲಿ, ಇಂಥ ಮೊಣಕಾಲು ಇಟ್ಟುಕೊಂಡು, ಕೈಗೆ ಹತ್ತಿದ ಜೋಳದ ಹಿಟ್ಟನ್ನೂ ತೊಳೆಯದೆ.

ಕಾರಣ, ಹಲಗಿ.

ನಮ್ಮ ಸಿಂಧನೂರಿನ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗೆ ಹೇಳುತ್ತೇನೆ: ಹಲಗಿ ಎಂದರೆ ತಮಟೆ. ಹಬ್ಬಕ್ಕೆ ಒಂದು ಬಡಿತ, ಮದುವೆಗೆ ಒಂದು, ಸಾವಿಗೆ ಇನ್ನೊಂದು. ಸಾವಿನ ಬಡಿತ ಕಿವಿಗೆ ಬಿದ್ದರೆ ಕೈಯಲ್ಲಿದ್ದ ಕೆಲಸ ತಾನಾಗಿಯೇ ನಿಲ್ಲುತ್ತದೆ. ಒಲೆ ಆರಿಸುತ್ತೇವೆ (ಓಣಿಯಲ್ಲಿ ಹೆಣವಿದ್ದಾಗ ಒಲೆ ಉರಿಯಬಾರದು). ಬಾಗಿಲಿಗೆ ಬರುತ್ತೇವೆ. ಮೊದಲ ಪ್ರಶ್ನೆ, ಯಾರು?

ಅವತ್ತೂ ಹಾಗೇ ಆಯಿತು. ಹಂಚಿನ ಮೇಲೆ ರೊಟ್ಟಿ ಬಿಟ್ಟು, ಗ್ಯಾಸ್ ಬಂದ್ ಮಾಡಿ ಬಾಗಿಲಿಗೆ ಬಂದೆ. ಪಕ್ಕದ ಮನೆಯ ಶಾಂತಮ್ಮ ಆಗಲೇ ಹೊರಗಿದ್ದರು.

“ಯಾರು ಹೋದ್ರಬೇ?” ಎಂದು ಅವರೇ ಕೇಳಿದರು.

“ಗೊತ್ತಿಲ್ಲ ಚಿಗವ್ವಾ. ಎಲ್ಲಿಂದ ಬರಾಕತ್ತೈತಿ?”

ಇಬ್ಬರೂ ಕಿವಿಗೊಟ್ಟೆವು. ಸದ್ದು ಬರುತ್ತಿದ್ದದ್ದು ಹೈಸ್ಕೂಲಿನಿಂದ.

ನನ್ನ ಮಗಳು ಎಂಟನೇ ಕ್ಲಾಸು ಓದುವ ಹೈಸ್ಕೂಲು. ಮುಂದಿನದು ನನಗೆ ನೆನಪಿಲ್ಲ. ನೆನಪಿರುವುದು ಗೇಟು. ಗೇಟಿನ ಒಳಗೆ ಕಂಡ ದೃಶ್ಯ.

ಮಕ್ಕಳು ಕುಣಿಯುತ್ತಿದ್ದರು!

ಊಟದ ತಟ್ಟೆ ಪಕ್ಕಕ್ಕಿಟ್ಟು, ಧೂಳೆಬ್ಬಿಸಿ, ಕೈ ಮೇಲೆತ್ತಿ. ಮುಂದಿನ ಸಾಲಿನಲ್ಲಿ ನನ್ನ ಮಗಳು. ಸ್ಪೀಕರಿನಲ್ಲಿ ಅದೇ ಸಾವಿನ ಬಡಿತ, ಅದರ ಕೆಳಗೆ ಕಂಪ್ಯೂಟರಿನ ದಂ ದಂ. ನಾವು ಓಣಿಯ ಏಳೆಂಟು ಮಂದಿ ಗೇಟು ಹಿಡಿದು ಬಾಯಿ ತೆರೆದುಕೊಂಡು ನಿಂತೆವು. ಶಾಂತಮ್ಮ ಮಾತ್ರ ಅಳುವುದಕ್ಕೆ ಸಿದ್ಧರಾಗಿ ಬಂದಿದ್ದವರು, ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುವುದೋ ಬೇಡವೋ ತಿಳಿಯದೆ ಅರ್ಧಕ್ಕೇ ಹಿಡಿದುಕೊಂಡಿದ್ದರು.

ಈ ಶಾಲೆಯಲ್ಲಿ ಮಕ್ಕಳೇ ನಡೆಸುವ ರೇಡಿಯೋ ಇದೆ. ಹಳೆಯ ಸ್ಟೋರ್ ರೂಮು, ಒಂದು ಕಂಪ್ಯೂಟರು, ಒಂದು ಮೈಕು, ವರಾಂಡದಲ್ಲಿ ಸ್ಪೀಕರುಗಳು. ಊಟದ ಬಿಡುವಿನಲ್ಲಿ ಸುದ್ದಿ, ಒಗಟು, ಹುಟ್ಟುಹಬ್ಬದ ಹಾರೈಕೆ. ಶುಕ್ರವಾರ ಮಾತ್ರ ಡ್ಯಾನ್ಸ್ ಮ್ಯೂಸಿಕ್. ಆ ದಿನದ ಉಸ್ತುವಾರಿ ಒಂಬತ್ತನೇ ಕ್ಲಾಸಿನ ಸುಜಾತಾಳದು. ಚುರುಕು ಹುಡುಗಿ. ಮಾತು ಶುರುಮಾಡಿದರೆ ಗಂಟೆ ಬಾರಿಸಿದರೂ ನಿಲ್ಲಿಸುವುದಿಲ್ಲ.

ಅರ್ಧ ಗಂಟೆಯಲ್ಲಿ ಹೆಡ್‌ಮಾಸ್ಟರ್ ರೂಮು ತುಂಬಿತು. ಗೊಬ್ಬರದಂಗಡಿಯ ಸಾಹುಕಾರರು ಎಲ್ಲರಿಗಿಂತ ಮುಂದೆ. ಅವರ ಮಗನೂ ಅಲ್ಲೇ ಓದುವುದು.

“ಶಾಲಿಯೊಳಗ ಸಾವಿನ ಹಲಗಿ! ಪರೀಕ್ಷಾ ಹತ್ತರ ಬಂದಾವು. ಅಪಶಕುನ ಅಲ್ಲೇನ್ರಿ ಸರ್? ಆ ಹುಡುಗಿನ್ನ ರೇಡಿಯೋದಿಂದ ತಗೀರಿ. ನಾಳೆನ ಒಂದು ಪೂಜಾ ಮಾಡಸ್ರಿ.”

ಸುಜಾತಾ ಮೂಲೆಯಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಶುಕ್ರವಾರದ ಇಪ್ಪತ್ತು ನಿಮಿಷಕ್ಕಾಗಿ ಆಕೆ ವಾರವಿಡೀ ತಯಾರಿ ಮಾಡುತ್ತಾಳೆಂದು ನನ್ನ ಮಗಳು ಹೇಳಿದ್ದಳು. ಅದು ಈಗ ಕೈಬಿಟ್ಟು ಹೋಗುವುದರಲ್ಲಿತ್ತು.

“ಸರ್, ಅದು ಹಲಗಿನ ಅಲ್ಲರಿ,” ಎಂದಳು. “ನಮ್ಮ ಮನಿಯಾಗ ಹಲಗಿ ಇಲ್ಲ. ತಾತ ಪ್ಲಾಸ್ಟಿಕ್ ಟಬ್ ಬೋರಲು ಹಾಕಿ ಬಾರಿಸಿದ್ದು. ನಾ ಮೊಬೈಲಿನಾಗ ರೆಕಾರ್ಡ್ ಮಾಡ್ಕೊಂಡೆ. ಬೀಟ್ ಭಾಳ ಛಲೋ ಇತ್ತರಿ.”

“ಟಬ್ಬಾ?” ಎಂದರು ಸಾಹುಕಾರರು.

ಟಬ್ಬು! ಬಟ್ಟೆ ನೆನೆಸುವ ಟಬ್ಬಿನ ಸದ್ದಿಗೆ ನಾನು ಒಲೆ ಆರಿಸಿ ಓಡಿದ್ದೆ. ಚರ್ಮವಿಲ್ಲ, ಚೌಕಟ್ಟಿಲ್ಲ, ಬರೀ ಬೆರಳುಗಳ ಲೆಕ್ಕ. ಅಷ್ಟಕ್ಕೇ ಓಣಿಗೆ ಓಣಿಯೇ ಸೂತಕ ಹಿಡಿದುಕೊಂಡಿತ್ತು. (ಈಗ ಪೂಜೆ ಯಾವುದಕ್ಕೆ? ಟಬ್ಬಿಗೋ, ನಮ್ಮ ಕಿವಿಗೋ?)

ಹೀಗೇ ಒಂದು ಗಂಟೆ ಕಳೆಯುವಷ್ಟರಲ್ಲಿ ಸುಜಾತಾಳ ಅಪ್ಪ ಬಂದರು. ಲಿಂಗಸುಗೂರಿನಲ್ಲಿ ಸರ್ಕಾರಿ ನೌಕರಿ. ಫೋನು ಹೋದ ಕೂಡಲೇ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು. ಅವರು ಕ್ಷಮೆ ಕೇಳುತ್ತಾರೆ, ಗದ್ದಲ ಮುಗಿಯುತ್ತದೆ ಎಂದುಕೊಂಡೆವು.

ಅವರು ನಮ್ಮ ಕಡೆ ನೋಡಲೇ ಇಲ್ಲ. ಸೀದಾ ಮಗಳ ಮುಂದೆ ಹೋಗಿ ನಿಂತರು.

“ನಾವು ಬಿಟ್ಟಿದ್ದನ್ನ ನೀ ಯಾಕ ಎತ್ತಿಕೊಂಡೀಬೇ?”

ಹುಡುಗಿ ತಲೆ ತಗ್ಗಿಸಿದಳು.

“ನಿಮ್ಮ ತಾತ, ಊರವರು ಕರದಾಗೆಲ್ಲಾ ಹೋಗಬೇಕಿತ್ತು. ಜ್ವರ ಇದ್ರೂ ಹೋಗಬೇಕಿತ್ತು. ಹೆಣದ ಮುಂದ ಬಾರಸಬೇಕು, ಆದ್ರ ಆ ಮನಿ ಕಟ್ಟಿ ಹತ್ತಂಗಿಲ್ಲ. ನನಗ ನೌಕರಿ ಹತ್ತಿದ ಮ್ಯಾಲೆ ಆ ಹಲಗಿ ಮನಿಯಿಂದ ಹೊರಗ ಹಾಕೀವಿ. ಬುದ್ಧನ ದಾರಿ ಹಿಡದೀವಿ. ಇನ್ನ ಬಾರಸಂಗಿಲ್ಲ ಅಂತ ಹೇಳೀವಿ. ನೀ ಮೈಕಿನಾಗ ಹಚ್ಚೀದಿ! ಬಂದ್ ಮಾಡು ಅದನ್ನ.”

“ಕರೆಕ್ಟ್ ಹೇಳಿದ್ರಿ ನೋಡ್ರಿ,” ಎಂದರು ಸಾಹುಕಾರರು ಖುಷಿಯಾಗಿ. “ಅಪಶಕುನ ಅದು.”

ಅಪ್ಪ ತಿರುಗಿದರು. “ಅಪಶಕುನ ಅಂತ ನಾ ಹೇಳಿಲ್ರಿ.”

ನಾನು ಬೆಚ್ಚಿದೆ. ಇಬ್ಬರೂ ಅದೇ ತಾಳ ಬಂದ್ ಆಗಲಿ ಅನ್ನುತ್ತಿದ್ದಾರೆ. ಒಬ್ಬರಿಗೆ ಕೇಳಿದ್ದು ಸಾವು. ಇನ್ನೊಬ್ಬರಿಗೆ ಕೇಳಿದ್ದು ತಮ್ಮ ತಂದೆಯನ್ನು ಕರೆದ ಕೂಗು. ಇಷ್ಟು ವರ್ಷ ಅದೇ ಬಡಿತ ಕೇಳಿದ ನನಗೆ ಆ ಎರಡನೆಯದು ಒಮ್ಮೆಯಾದರೂ ಕೇಳಿಸಿತ್ತೇ?

ಸುಜಾತಾ ಮೆಲ್ಲಗೆ ಬಾಯಿಬಿಟ್ಟಳು. “ಅಪ್ಪಾ, ಈ ಸಲ ತಾತನ್ನ ಯಾರೂ ಕರೆಸಿಲ್ಲ. ತಾಳ ಕಲಿಸು ಅಂತ ನಾನ ಕೇಳಿದೆ. ನಕ್ಕೋತ ಬಾರಿಸಿದ. ಹಾಡು ಹಚ್ಚೂಕಿಂತ ಮುಂಚೆ ಅವನ ಹೆಸರೂ ಹೇಳೀನಿ.”

“ಏನಂತ ಹೇಳೀದಿ?”

“ತಾಳ, ನಮ್ಮ ತಾತ ದುರುಗಪ್ಪನವರು ಅಂತ.”

ಅಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡರು. “ದುರುಗಪ್ಪನವರು,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. “ಊರಾಗ ಅವನ್ನ ದುರಗ್ಯಾ ಅಂತಿದ್ರು. ಸಣ್ಣ ಹುಡುಗರೂ ಹಂಗ ಅಂತಿದ್ರು.”

ಆಮೇಲೆ ಹೆಡ್‌ಮಾಸ್ಟರರಿಗೆ ಹೇಳಿದರು, “ಇರಲಿ ಬಿಡ್ರಿ ಸರ್. ಆಕಿ ಹಚ್ಚಲಿ. ಹೆಸರು ಹೇಳೇ ಹಚ್ಚಲಿ.”

ಸಾಹುಕಾರರು ಏನೋ ಹೇಳಹೊರಟವರು, ಸುತ್ತ ಯಾರೂ ತಲೆಯಾಡಿಸದಿದ್ದುದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ಕಣ್ಣೊರೆಸಿಕೊಂಡು ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದೆ. ಮುಗಿಯಲಿಲ್ಲ.

ನಮ್ಮ ಹೆಡ್‌ಮಾಸ್ಟರರು ಒಳ್ಳೆಯವರು. ದಿನಾ ಮಸ್ಕಿಯಿಂದ ಬಸ್ಸಿಗೆ ಬಂದು, ಎಲ್ಲರಿಗಿಂತ ಮೊದಲು ಗೇಟು ತೆಗೆಯುವವರು. ಅವರಿಗೆ ತಡೆಯಲಾರದಷ್ಟು ಸಂತೋಷವಾಗಿತ್ತು.

“ಭಾಳ ಛಲೋ ಆತ್ರಿ! ಹಂಗಾದ್ರ ನಮ್ಮ ಶಾಲಿ ವಾರ್ಷಿಕ ಗ್ಯಾದರಿಂಗಿಗೆ ನಿಮ್ಮ ತಂದಿಯವರನ್ನ ಕರೆಸೂಣು. ಸ್ಟೇಜ್ ಮುಂದ ಲೈವ್ ಬಾರಸಲಿ. ಗೆಸ್ಟ್ ಬರೂವಾಗ ಗೇಟಿನಿಂದ ಹಲಗಿ ಬಾರಿಸ್ಕೋತ ಕರಕೊಂಡು ಬರಲಿ. ಏನ್ ಮಜಾ ಇರ್ತದ!”

“ಹೌದ್ರಿ,” ಎಂದರು ಸಾಹುಕಾರರು, ಇದ್ದಕ್ಕಿದ್ದಂತೆ ಉದಾರವಾಗಿ. “ಶಾಲು ನಾ ಕೊಡಸ್ತೀನಿ.”

ನಾವೆಲ್ಲ ತಲೆಯಾಡಿಸಿದೆವು. ಹೌದು, ನಾನೂ! ಎಷ್ಟು ಸಹಜವಾಗಿ, ಎಷ್ಟು ಪ್ರೀತಿಯಿಂದ, ಐದೇ ನಿಮಿಷದಲ್ಲಿ ದುರುಗಪ್ಪನವರನ್ನು ಮತ್ತೆ ಬಾರಿಸಲು ಕರೆಸಿಬಿಟ್ಟೆವು ನೋಡಿ. ಅವತ್ತಿನ ನಿಜವಾದ ಶಾಕ್ ನನಗೆ ಅದೇ.

ಸುಜಾತಾಳ ಅಪ್ಪ ನಕ್ಕರು. ಬಂದಾಗಿನಿಂದ ಅದೇ ಮೊದಲು.

“ಕರೆಸ್ರಿ ಸರ್, ಬರ್ತಾನ. ಗೆಸ್ಟ್ ಆಗಿ ಕರೆಸ್ರಿ. ಸ್ಟೇಜ್ ಮ್ಯಾಲೆ ಕುರ್ಚಿ ಹಾಕ್ರಿ, ಶಾಲು ಹೊದಸ್ರಿ, ಕೂಡ್ತಾನ. ಗೇಟಿನಿಂದ ಹಲಗಿ ಬಾರಿಸ್ಕೋತ ಅವನ್ನ ನಿಮ್ಮ ಮಕ್ಕಳು ಕರಕೊಂಡು ಬರಲಿ.”

ಹೀಗೆಂದು ಮಗಳ ಹೆಗಲ ಮೇಲೆ ಕೈಯಿಟ್ಟು ಹೊರಟರು. ಹೆಡ್‌ಮಾಸ್ಟರರು ಹೂಂ ಅಂದರು. ತಲೆಯಾಡಿಸುತ್ತಿದ್ದ ನಮ್ಮ ತಲೆಗಳು ಮಾತ್ರ ಇದ್ದಲ್ಲೇ ನಿಂತವು. ಸಾಹುಕಾರರಿಗೆ ಅಂಗಡಿ ನೆನಪಾಯಿತು.

ವಾಪಸು ಬರುವಾಗ ಓಣಿಯ ತಿರುವಿನಲ್ಲಿ ಶಾಂತಮ್ಮ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ಅವರ ದನಿಯಲ್ಲಿ ಚುಚ್ಚುಮಾತಿರಲಿಲ್ಲ, ತಿಳಿದುಕೊಳ್ಳುವ ಆಸೆಯಿತ್ತು.

“ಹೌದಬೇ, ಹಲಗಿ ಹಿಡಿಯಾಕ ನಿನ್ನ ಮಗಳನ್ನ ಕಳಸ್ತೀಯೇನು?”

ಉತ್ತರ ಹೇಳುವ ಮೊದಲು, ಓಣಿಯಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ನಾನು ಅತ್ತಿತ್ತ ನೋಡಿದೆ. ನೀವಾಗಿದ್ದರೆ?