ತಾರೀಖು ಇರುವ ತುದಿ

2004ನೇ ಇಸವಿ. ಕೆಂಗೇರಿ ಉಪನಗರದಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಕೆಲಸಕ್ಕಿದ್ದೆ. ಸೇರಿದ್ದು ಕಸ ಗುಡಿಸಿ ನೆಲ ಒರೆಸಲು. ಓದಿದ್ದು ನಾಲ್ಕನೇ ಕ್ಲಾಸು. ಆ ಹೊತ್ತಿಗೆ ಸೇರಿ ಆರು ವರ್ಷ ಕಳೆದು, ರ‍್ಯಾಕಿಗೆ ಔಷಧಿ ಜೋಡಿಸುವುದು, ಮಾತ್ರೆಯ ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕುವುದು ಕೂಡ ನನ್ನ ಪಾಲಿಗೆ ಬಂದಿತ್ತು. ಈಗ, ಹೋದ ತಿಂಗಳು, ನನ್ನ ಮೊಮ್ಮಗಳು ಸಿಂಧು ಫಾರ್ಮಸಿ ಓದು ಮುಗಿಸಿ, ಅನ್ನಪೂರ್ಣೇಶ್ವರಿ ನಗರದ ಒಂದು ಮೆಡಿಕಲ್ ಶಾಪಿನಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಳು. ನಮ್ಮ ಬೀದಿಯ ಅಷ್ಟೂ ಮನೆಗೆ ನಾನೇ ಮೈಸೂರುಪಾಕು ಹಂಚಿ ಬಂದೆ. ಮಂಡಿ ನೋವಿದೆ ಅನ್ನುವುದೇ ಮರೆತುಹೋಗಿತ್ತು. ಆ ಸಂತೋಷದಲ್ಲಿ ಕೂತಿದ್ದಾಗಲೇ ಮೂರ್ತಿ ಸಾರ್ ನೆನಪಾದರು. ಅವರ ಹಿಂದೆಯೇ ಆ ಹೊಲಸು ಕೆಲಸವೂ ನೆನಪಾಯಿತು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಬರುವುದಿಲ್ಲ. ಒಟ್ಟಿಗೇ ಬರೆಯುತ್ತೇನೆ.

ಮೂರ್ತಿ ಸಾರ್ ಅಂದರೆ ಆ ಅಂಗಡಿಯ ಯಜಮಾನರು. ಜನ ಅವರನ್ನು ಡಾಕ್ಟ್ರೇ ಅಂತಲೇ ಕರೆಯುತ್ತಿದ್ದರು. "ನಾನು ಡಾಕ್ಟರಲ್ಲಪ್ಪ, ಡಾಕ್ಟರ್ ಗೀಚಿದ್ದನ್ನ ಓದೋನು," ಅನ್ನುತ್ತಿದ್ದರು. ಅಂಗಡಿಯ ಮೇಲೆಯೇ ಮನೆ. ಅವರ ತಾಯಿಗೆ ಕೈ ಸ್ವಾಧೀನ ಇರಲಿಲ್ಲ. ಬೆಳಿಗ್ಗೆ ತಾಯಿಗೆ ಇಡ್ಲಿ ತಿನ್ನಿಸಿ, ಬಾಯಿ ಒರೆಸಿದ ಮೇಲೆಯೇ ಕೆಳಗಿಳಿದು ಶಟರ್ ಎತ್ತುವುದು. ಹೆಂಡತಿ ಸರೋಜಮ್ಮನ ತಮ್ಮ ಪ್ರಕಾಶನನ್ನು ಹತ್ತು ವರ್ಷದ ಹುಡುಗನಾಗಿದ್ದಾಗಲೇ ಮನೆಗೆ ಕರೆತಂದು ಸಾಕಿದ್ದರು. ಓದಿಸಿ, ತಮ್ಮ ಪಕ್ಕದಲ್ಲೇ ಕೌಂಟರಿನಲ್ಲಿ ನಿಲ್ಲಿಸಿಕೊಂಡಿದ್ದರು.

ಅಂಗಡಿಯ ಬಾಗಿಲಲ್ಲಿ ಒಂದು ತಗಡಿನ ಡಬ್ಬ ನೇತುಹಾಕಿದ್ದರು. ಕಾಯಿಲೆ ವಾಸಿಯಾದವರು, ಡಾಕ್ಟರು ಔಷಧಿ ಬದಲಾಯಿಸಿದವರು ಮನೆಯಲ್ಲಿ ಉಳಿದ ಸ್ಟ್ರಿಪ್ಪುಗಳನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ತಿಂಗಳ ಮೊದಲ ಭಾನುವಾರ ಹಳೇ ಕೆಂಗೇರಿಯ ಶಾಲೆಯಲ್ಲಿ ಸಾರ್ ವಯಸ್ಸಾದವರಿಗೆ ಬಿಪಿ, ಶುಗರ್ ನೋಡಿಸಿ, ಡಾಕ್ಟರ ಚೀಟಿಯಂತೆ ಆ ಮಾತ್ರೆಗಳನ್ನು ಪುಕ್ಕಟೆ ಕೊಡುತ್ತಿದ್ದರು.

ಡಬ್ಬ ಬಿಡಿಸುವ ಕೆಲಸ ನನ್ನದು. ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಎಕ್ಸ್‌ಪೈರಿ ತಿಂಗಳು, ಅಂದರೆ ಔಷಧಿಯ ಅವಧಿ ಮುಗಿಯುವ ತಿಂಗಳು, ಒತ್ತಿರುತ್ತದೆ. ಬಿಡಿ ಮಾತ್ರೆ ಕೇಳಿದವರಿಗೆ ಇನ್ನೊಂದು ತುದಿಯಿಂದಲೇ ಕತ್ತರಿಸಬೇಕು. ಕೊನೆಯ ಮಾತ್ರೆ ಖಾಲಿಯಾಗುವವರೆಗೂ ತಾರೀಖಿನ ತುದಿ ಅಂಗಡಿಯಲ್ಲಿ ಉಳಿಯಬೇಕು. ಇಂಗ್ಲಿಷ್ ತಿಂಗಳುಗಳ ಹೆಸರನ್ನು ಸಾರ್ ಹಳೇ ಕ್ಯಾಲೆಂಡರ್ ಹರಿದು ನನಗೆ ಕಲಿಸಿದ್ದರು. ಪ್ರತಿ ಗುರುವಾರ ನಾನು ಕೂತು, ಅವಧಿ ಇರುವುದನ್ನು ಭಾನುವಾರದ ಪೆಟ್ಟಿಗೆಗೆ ಹಾಕುತ್ತಿದ್ದೆ. ಅವಧಿ ಮುಗಿದದ್ದು, ತಾರೀಖೇ ಇಲ್ಲದ್ದು ಸಿಕ್ಕರೆ ಒಂದೊಂದೇ ಮಾತ್ರೆ ಹೊರಗೆ ಒತ್ತಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿ ಕಲಸಬೇಕು. ಯಾರೂ ಎತ್ತಿ ತಿನ್ನಬಾರದು, ಅದಕ್ಕೆ.

ಆ ಸೋಪಿಗೆ ನನ್ನ ಬೆರಳ ಸಂದಿ ಒಡೆದು ರಕ್ತ ಬರತೊಡಗಿತು. ಯುಗಾದಿ ಆದ ಮೇಲೆ ಒಂದು ಗುರುವಾರ ಪ್ರಕಾಶ ಬಂದು, "ಬಿಡಿ ಪುಟ್ಟಮ್ಮಕ್ಕ, ಬಕೆಟ್ ಕೆಲಸ ನಾನು ನೋಡ್ಕೋತೀನಿ. ಪೆಟ್ಟಿಗೇನೂ ನಾನೇ ತುಂಬ್ತೀನಿ, ನೀವು ಕೈಗೆ ಮುಲಾಮ್ ಹಚ್ಕೊಳ್ಳಿ," ಅಂದ. ಪುಣ್ಯಾತ್ಮ ಅಂದುಕೊಂಡೆ. ಆ ಮಾತು ನೆನೆದರೆ ಈಗಲೂ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ಆಷಾಢದಲ್ಲಿ ಒಂದು ಬುಧವಾರ ಚಿಕ್ಕಣ್ಣ ಬಂದ. ಬಟ್ಟೆ ಮಿಲ್ಲಿನಲ್ಲಿ ದುಡಿದು ನಿವೃತ್ತನಾದ ಮುದುಕ, ಸಕ್ಕರೆ ಕಾಯಿಲೆಯವನು, ಭಾನುವಾರದ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವನು. ಎಡಗಾಲಿಗೆ ಬಟ್ಟೆ ಸುತ್ತಿದ್ದ. ವಾಸನೆ ಮೆಟ್ಟಿಲಿನವರೆಗೂ ಬರುತ್ತಿತ್ತು.

"ಈ ಸಲದ ಮಾತ್ರೆ ಯಾಕೋ ಹಿಡೀತಿಲ್ಲ ಕಣವ್ವ ಪುಟ್ಟಮ್ಮ," ಅಂದ.

"ಅನ್ನ ಜಾಸ್ತಿ ತಿಂತಿದೀಯೇನೋ ನೋಡಣ್ಣ."

"ಅನ್ನ ಎಲ್ಲಿಂದ ಬರ್ಬೇಕು. ನನ್ ಸೊಸೆ ಮುದ್ದೆನೂ ನಿಂಬೆಹಣ್ಣಿನ ಗಾತ್ರ ಮಾಡವ್ಳೆ," ಅನ್ನುತ್ತಾ ಜೇಬಿನಿಂದ ಮಾತ್ರೆ ತೆಗೆದು ಕೌಂಟರಿನ ಮೇಲಿಟ್ಟ.

ಇನ್ನೂ ಮುಟ್ಟದ ಮೂರು ತುಂಡು. ಮೂರರಲ್ಲೂ ಎಂಟೆಂಟು ಮಾತ್ರೆ. ಕತ್ತರಿ ಹಿಡಿದ ಯಾರಿಗಾದರೂ ಇದು ಕಣ್ಣಿಗೆ ಹೊಡೆಯುತ್ತದೆ. ಇಪ್ಪತ್ನಾಲ್ಕು ಮಾತ್ರೆ ಕೊಡಬೇಕಾದರೆ ಹತ್ತರ ಎರಡು ಪೂರ್ತಿ ಸ್ಟ್ರಿಪ್ಪು, ಇನ್ನೊಂದರಲ್ಲಿ ನಾಲ್ಕು ಕತ್ತರಿಸಿ ಕೊಡುತ್ತೇವೆ. ಮೂರು ಸ್ಟ್ರಿಪ್ಪಿನಿಂದಲೂ ಎರಡೆರಡು ಯಾರು ಕಿತ್ತುಕೊಳ್ಳುತ್ತಾರೆ? ತಿರುಗಿಸಿ ನೋಡಿದೆ. ಮೂರರಲ್ಲೂ ಹೋಗಿದ್ದದ್ದು ತಾರೀಖಿನ ತುದಿ. ಒಂದನ್ನು ಒತ್ತಿ ತೆಗೆದೆ. ಮಾತ್ರೆಯ ಮೇಲೆ ಕಂದು ಚುಕ್ಕೆ ಬಿದ್ದು, ಬೆರಳಿಗೆ ಪುಡಿ ಅಂಟಿತು. ಆ ತುಂಡುಗಳನ್ನು ಇಟ್ಟುಕೊಂಡು, ಅವನನ್ನು ಡಾಕ್ಟರ ಹತ್ತಿರ ಕಳಿಸಿದೆ.

ಪ್ರಕಾಶ ಊಟಕ್ಕೆ ಹೋದಾಗ ಮೆಟ್ಟಿಲ ಕೆಳಗಿನ ಸಂದಿಗೆ ಹೋಗಿ ನೋಡಿದೆ. ಬಕೆಟ್ ಒಣಗಿ ಜೇಡ ಬಲೆ ಕಟ್ಟಿತ್ತು. ಅದರ ಪಕ್ಕ ಒಂದು ಚೀಲದ ತುಂಬ ಅವಧಿ ಮುಗಿದ ಸ್ಟ್ರಿಪ್ಪುಗಳು. ಮೇಲೆ ಇಲಿ ಹಿಕ್ಕೆ, ಒಳಗೆ ಜಿರಳೆ. ಒಂದು ಬಿಸ್ಕತ್ತಿನ ಡಬ್ಬದಲ್ಲಿ ಕತ್ತರಿಸಿದ ತುದಿಗಳು ಬಿದ್ದಿದ್ದವು, ಕತ್ತರಿಸಿದ ಉಗುರಿನ ಹಾಗೆ. ಕೊಳಚೆ ತುಂಬಿದ ವೃಷಭಾವತಿ ಹೊಳೆಯ ವಾಸನೆ ಕುಡಿದು ಬದುಕಿದವಳು ನಾನು. ನಾನೂ ಅಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಜನ ನಂಬಿ ಹಾಕಿದ ಒಳ್ಳೆಯ ಸ್ಟ್ರಿಪ್ಪು ಅಲ್ಲಿ ಒಂದೂ ಇರಲಿಲ್ಲ; ಅವುಗಳನ್ನು ಪ್ರಕಾಶ ಕೌಂಟರಿನಲ್ಲಿ ಮಾರಿಕೊಳ್ಳುತ್ತಿದ್ದ ಅನ್ನುವುದು ಆಗ ಹೊಳೆಯಿತು. ಅವುಗಳ ಜಾಗಕ್ಕೆ, ಭಾನುವಾರದ ಪೆಟ್ಟಿಗೆಗೆ, ಈ ಕೊಳಕು.

ಅವನು ಬಂದ ಕೂಡಲೇ ಆ ಬಿಸ್ಕತ್ತಿನ ಡಬ್ಬವನ್ನು ಅವನ ಮುಂದೆ ಇಟ್ಟೆ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಬಿಟ್ಟಿ ತಗೊಳ್ಳೋರಿಗೆ ಡೇಟ್ ಬೇರೆ ಬೇಕಾ ಪುಟ್ಟಮ್ಮಕ್ಕ? ನಾಲ್ಕು ತಿಂಗಳು ಹೆಚ್ಚುಕಮ್ಮಿ ಆದ್ರೆ ವಿಷ ಆಗೋಗುತ್ತಾ?"

"ಹಾಗಾದ್ರೆ ಮೇಲಿರೋ ಅಜ್ಜಮ್ಮಂಗೂ ಇದನ್ನೇ ಕೊಡಿ, ನೋಡಣ."

"ಬಾಯಿ ಜಾಸ್ತಿ ಆಯ್ತು. ಅಂಗಡಿ ಮುಚ್ಚಿದ್ರೆ ನೀವೂ ಮನೇಲಿ ಕೂರ್ಬೇಕು, ನೆನಪಿರ್ಲಿ."

ಸಂಜೆ ಮೂರ್ತಿ ಸಾರಿಗೆ ಹೇಳಿದೆ. ಅವರು ಆ ತುದಿಗಳನ್ನು ಮೇಜಿನ ಮೇಲೆ ಸುರಿದು, ಒಂದೊಂದರ ತಾರೀಖನ್ನೂ ಓದಿದರು. ಎಲ್ಲ ಓದಿಯಾದ ಮೇಲೂ ತಲೆ ಎತ್ತಲಿಲ್ಲ. "ಸರೋಜ ಅವನನ್ನ ಹೆತ್ತ ಮಗನ ಹಾಗೆ ಸಾಕಿದಾಳೆ. ಎರಡು ದಿನ ಟೈಮ್ ಕೊಡಿ ಪುಟ್ಟಮ್ಮ. ಯಾರಿಗೂ ಹೇಳ್ಬೇಡಿ," ಅಂದರು.

ಆಯಿತು ಅಂದೆ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಹಳೇ ಕೆಂಗೇರಿಯ ಎಷ್ಟೋ ಮನೆಯಲ್ಲಿ ಮುದುಕರು ಆ ಮಾತ್ರೆ ನುಂಗುತ್ತಿದ್ದರು. ನಾವಿಬ್ಬರೂ ಎರಡು ದಿನ ಸುಮ್ಮನಿದ್ದೆವು. ಪ್ರಕಾಶನ ಮೇಲೆ ಬಂದಷ್ಟೇ ಹೇಸಿಗೆ ನನ್ನ ಮೇಲೂ ಬಂತು. ದೇವರಂಥ ಮನುಷ್ಯ ಅಂದುಕೊಂಡಿದ್ದ ಸಾರ್ ಮೇಲೂ ಬಂತು. ಗುರುವಾರ ಅವರು ಕೊಟ್ಟ ಕಾಫಿ ಕುಡಿಯಲಾಗದೆ ಮೋರಿಗೆ ಚೆಲ್ಲಿದೆ. ಅವರು ನೋಡಿದರು.

ಶುಕ್ರವಾರ ಸಂಜೆ ಸರೋಜಮ್ಮ ಅಂಗಡಿಗೆ ಇಳಿದು ಬಂದರು. ಸಾರ್ ಅವರಿಗೆ ಎಲ್ಲ ಹೇಳಿದ್ದರು; ಕಣ್ಣು ಊದಿಕೊಂಡಿತ್ತು.

"ಕಸ ಗುಡಿಸೋಕೆ ಬಂದೋಳು ನನ್ನ ಮನೇನೇ ಗುಡಿಸಿಬಿಟ್ಯಲ್ಲೇ," ಅಂದರು.

ಸಾರ್ ಕತ್ತರಿ ಕೆಳಗಿಟ್ಟು, "ಅವರು ದೀಪ ಹಚ್ಚಿದ್ರು ಅಷ್ಟೇ ಸರೋಜ. ಕಸ ನಾವೇ ಸಾಕಿದ್ದು," ಅಂದರು.

ಆ ಭಾನುವಾರ ಶಾಲೆಯ ಅಂಗಳದಲ್ಲಿ ಸಾಲು ನಿಂತಿತ್ತು. ಸಾರ್ ಪೆಟ್ಟಿಗೆ ತೆರೆಯಲಿಲ್ಲ. ಬೆಂಚಿನ ಪಕ್ಕ ನಿಂತು, "ನನ್ನ ಕೈಯಿಂದ ಹಾಳಾದ ಮಾತ್ರೆ ನಿಮ್ಮ ಮನೆಗೆ ಬಂದಿದೆ. ತಪ್ಪು ನನ್ನದು. ಇವತ್ತಿನಿಂದ ಅದನ್ನ ತಗೋಬೇಡಿ, ನಾನೇ ಮನೆಗೆ ಬಂದು ವಾಪಸ್ ತಗೊಂಡು ಹೋಗ್ತೀನಿ," ಅಂದರು. ಪ್ರಕಾಶನ ಹೆಸರೆತ್ತಲಿಲ್ಲ. ಅವನು ಗೇಟಿನ ಹೊರಗೆ ಬೈಕಿನ ಮೇಲೆ ಕೂತು ಕೇಳಿಸಿಕೊಂಡು, ಕಿಕ್ ಹೊಡೆದು ಹೋದ. ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಅಷ್ಟು ವರ್ಷ ಪುಕ್ಕಟೆ ಔಷಧಿ ತಿಂದ ಜನ ಏನು ಮಾಡಿದರು ಗೊತ್ತೇ? "ಬಿಟ್ಟಿ ಕೊಟ್ಟು ಸಾಯಿಸೋಕೆ ಕರೀತಿದ್ಯಾ?" ಅಂತ ಒಬ್ಬ ಅವರ ಚಪ್ಪಲಿಯ ಮೇಲೆ ಉಗುಳಿದ. ತಪ್ಪು ಮಾಡಿದವನು ಬೈಕಿನಲ್ಲಿ ಹೋದ, ಒಪ್ಪಿಕೊಂಡವನ ಮೇಲೆ ಎಂಜಲು ಬಿತ್ತು. ಸಾರ್ ಬಗ್ಗಿ ಕರ್ಚೀಫಿನಲ್ಲಿ ಚಪ್ಪಲಿ ಒರೆಸಿಕೊಂಡು, ವಿಳಾಸ ಬರೆದುಕೊಳ್ಳಲು ಕೂತರು.

ಎಂಟು ದಿನ ನಾವಿಬ್ಬರೂ ಮನೆ ಮನೆ ತಿರುಗಿದೆವು. ಅವರ ಕೈಯಲ್ಲಿ ಪಟ್ಟಿ, ನನ್ನ ಕೈಯಲ್ಲಿ ಬಕೆಟ್. ಪ್ರತಿ ಬಾಗಿಲಲ್ಲೂ ಮನೆಯವರ ಕಣ್ಣೆದುರೇ ಮಾತ್ರೆ ಒತ್ತಿ ಸೋಪಿನ ನೀರಿಗೆ ಹಾಕಿದೆವು. ಹೊಸದನ್ನು ಸಾರ್ ಅಂಗಡಿಯಿಂದ ಪೂರ್ತಿ ಸ್ಟ್ರಿಪ್ಪಾಗಿಯೇ ಕೊಟ್ಟರು. ಡ್ರಗ್ ಇನ್‌ಸ್ಪೆಕ್ಟರಿಗೆ ಸಾರ್ ತಾವೇ ಕಾಗದ ಬರೆದರು. ಲೈಸೆನ್ಸ್ ತಡೆಹಿಡಿದರು, ಶಟರ್ ಒಂದೂವರೆ ತಿಂಗಳು ಇಳಿದೇ ಇತ್ತು.

ಚಿಕ್ಕಣ್ಣನ ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಆ ಮಾತ್ರೆಯಿಂದಲೇ ಹೀಗಾಯಿತು ಅಂತ ಡಾಕ್ಟರು ಹೇಳಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ. ಗಾಯ ಮಾಗುವವರೆಗೂ ಸಾರ್ ಅವನನ್ನು ತಮ್ಮ ಸ್ಕೂಟರಿನಲ್ಲಿ ಡ್ರೆಸ್ಸಿಂಗಿಗೆ ಕರೆದುಕೊಂಡು ಹೋದರು. "ಹಿಂಗೆ ಮೆರವಣಿಗೆ ಮಾಡೋಕೆ ನಾನೇನ್ ಮದುವೆ ಗಂಡಾ ಸಾರ್?" ಅನ್ನುತ್ತಿದ್ದ ಚಿಕ್ಕಣ್ಣ. ಸಾರ್ ನಗುತ್ತಿರಲಿಲ್ಲ. ಅವನನ್ನು ಹುಷಾರಾಗಿ ಹತ್ತಿಸಿಕೊಳ್ಳುತ್ತಿದ್ದರು.

ಅಂಗಡಿ ಮತ್ತೆ ತೆರೆದಾಗ ಅರ್ಧ ಜನ ಬರಲಿಲ್ಲ. ಗುರುವಾರದ ಬಕೆಟ್ಟನ್ನು ನಾನು ಮೆಟ್ಟಿಲ ಕೆಳಗಿನಿಂದ ತಂದು ಅಂಗಡಿಯ ಬಾಗಿಲಲ್ಲೇ ಇಟ್ಟುಕೊಂಡೆ. ಹೋಗುವವರು ಬರುವವರು ನೋಡಲಿ ಅಂತ. ಒಂದು ಗುರುವಾರ ಸರೋಜಮ್ಮ ಇಳಿದು ಬಂದು ನನ್ನೆದುರು ಮಣೆ ಹಾಕಿಕೊಂಡು ಕೂತರು. ಒಂದು ಸ್ಟ್ರಿಪ್ ಎತ್ತಿಕೊಂಡು ತಾರೀಖು ನೋಡಿ, ಮಾತ್ರೆ ಒತ್ತತೊಡಗಿದರು. ಆಮೇಲೆ ಒಂದು ಗುರುವಾರವನ್ನೂ ಅವರು ತಪ್ಪಿಸಲಿಲ್ಲ. ಆ ಬೈಗುಳದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೂರ್ತಿ ಸಾರ್ ಈಗಿಲ್ಲ. ಪ್ರಕಾಶ ಇದ್ದಾನೆ, ಚೆನ್ನಾಗಿಯೇ ಇದ್ದಾನೆ. ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಹಬ್ಬ ಬಂದರೆ ಫ್ಲೆಕ್ಸಿನಲ್ಲಿ ಕೈ ಮುಗಿದು ನಿಲ್ಲುತ್ತಾನೆ, 'ಸಮಾಜ ಸೇವಕರು' ಅಂತ ಬರೆಸಿಕೊಂಡು. ಬಸ್ಸಿನಿಂದ ಅದು ಕಂಡಾಗೆಲ್ಲ ನಾನು ಆ ಕಡೆಯ ಕಿಟಕಿ ಬಿಟ್ಟು ಈ ಕಡೆ ಬಂದು ಕೂರುತ್ತೇನೆ.

ಹೋದ ವಾರ ಸಿಂಧು ಕೆಲಸ ಮಾಡುವ ಅಂಗಡಿಗೆ ನನ್ನ ಬಿಪಿ ಚೀಟಿ ಹಿಡಿದುಕೊಂಡು ಹೋಗಿ, ಬೇರೆಯವರ ಹಾಗೆ ಸಾಲಿನಲ್ಲಿ ನಿಂತೆ. ಬಿಳಿ ಕೋಟಿನಲ್ಲಿ ಅವಳನ್ನು ನೋಡಿ ಕಣ್ಣು ತುಂಬಿ, ಚೀಟಿ ಮಂಜಾಯಿತು. ಸಿಂಧು ಪೂರ್ತಿ ಸ್ಟ್ರಿಪ್ ಒಂದನ್ನು ಕೊಟ್ಟು, ಇನ್ನೊಂದರಲ್ಲಿ ಐದು ಮಾತ್ರೆ ಕತ್ತರಿಸಿದಳು. ಸರಿಯಾದ ತುದಿಯಿಂದಲೇ ಕತ್ತರಿಸಿದಳು. ನಾನು ಕನ್ನಡಕ ಹಾಕಿಕೊಂಡು, ಅವಳ ಕೈಯಲ್ಲಿ ಉಳಿದ ತುಂಡನ್ನು ಇಸಕೊಂಡು ತಾರೀಖು ಓದತೊಡಗಿದೆ.

"ಏನಜ್ಜಿ, ನನ್ನೇ ನಂಬಲ್ವಾ?" ಅಂದಳು. ಸಾಲಿನಲ್ಲಿದ್ದವರು ನಕ್ಕರು.

"ನಂಬ್ತೀನಿ ಕಣೇ. ಹಿಂದೆ ಒಬ್ಬನನ್ನ ನಂಬಿ ಬಕೆಟ್ ಕೊಟ್ಟಿದ್ದೆ. ಅದಕ್ಕೇ ಓದ್ತಿದೀನಿ."

ನನ್ನ ಹಿಂದೆ ನಿಂತಿದ್ದ ಒಬ್ಬ ಹೆಂಗಸು ತನ್ನ ಕವರಿನಿಂದ ಸ್ಟ್ರಿಪ್ ತೆಗೆದು, "ಎಲ್ಲಿರುತ್ತೆ ಆಂಟಿ, ಡೇಟು?" ಅಂದಳು. ತೋರಿಸಿಕೊಟ್ಟೆ.