ಉಸ್ತಾದರ ಮುಂದಿನ ಹಲ್ಲು

ಸಿಂದಗಿಯ ನಮ್ಮ ಬ್ಯಾಂಡ್ ಕಂಪನಿಯಲ್ಲಿ ಯೂಫೋನಿಯಂ ಊದುತ್ತಿದ್ದ ಉಸ್ತಾದರು ಮೆರವಣಿಗೆಗೆ ಮುಂಚೆ ಅಲುಗಾಡುವ ಮುಂದಿನ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿ, ಮಗಳನ್ನು ರಮಿಸುವಂತೆ ಹೇಳುತ್ತಿದ್ದರು: "ಇವತ್ತೊಂದಿನ ನಿಂದ್ರವ್ವಾ." ಆ ದೊಡ್ಡ ಹಿತ್ತಾಳೆ ವಾದ್ಯವನ್ನು ತುಟಿಗೆ ಒತ್ತಿ ಊದಲು ಮುಂದಿನ ಹಲ್ಲುಗಳೇ ಆಧಾರ. ಪಕ್ಕದಲ್ಲಿ ಡ್ರಮ್ ಬಾರಿಸುವ ನನಗೆ ಸದಾ ಆ ಹಲ್ಲಿನದೇ ಹೆದರಿಕೆ.

ಕೊಲ್ಹಾರದ ಮದುವೆಯಲ್ಲಿ ಅವರೇ ಬ್ಯಾಂಡಿಗೆ ಹೊಂದಿಸಿದ್ದ ಹಾಡು ಶುರುವಾಯಿತು. ನಡುವೆ ನಾವೆಲ್ಲ ನಿಲ್ಲಿಸಬೇಕು, ಅವರೊಬ್ಬರೇ ಊದಬೇಕು. ಸ್ವರಗಳು ಬಿರುಸಾಗಿ ಮೇಲೇರುತ್ತಿದ್ದಾಗ ಒಂದು ಸ್ವರ ಫಕ್ಕನೆ ಸೀಳಿತು. ಅವರ ಗದ್ದದ ಮೇಲೆ ರಕ್ತ ಇಳಿಯಿತು. ನಾನು ಡ್ರಮ್ಮಿನ ಕಡ್ಡಿಗಳನ್ನು ಎತ್ತಿ ಹಿಡಿದೆ.

"ಬಿಡ್ರಿ ಉಸ್ತಾದ್, ನಾವು ಬಾರಸ್ತೇವ್ರಿ" ಎಂದು ಪಿಸುಗುಟ್ಟಿದೆ.

ಅವರು ಕಣ್ಣಲ್ಲೇ ಬೇಡವೆಂದರು. ಮತ್ತೆ ಮೊದಲಿನಿಂದ ಏರಿ, ಕಡೆಯ ಸ್ವರವನ್ನು ಕದಲದಂತೆ ಹಿಡಿದು ನಿಲ್ಲಿಸಿದರು.

ವಧುವಿನ ತಂದೆ ಓಡಿಬಂದು ಶಾಲು ಹೊದಿಸಿ, "ಭಾರಿ ಊದಿದ್ರಿ ನೋಡ್ರಿ!" ಎಂದರು. ಉಸ್ತಾದರು ಕರವಸ್ತ್ರದಿಂದ ಗದ್ದ ಮುಚ್ಚಿ, ಬಾಯಿ ತೆರೆಯದೆ ತಲೆಯಾಡಿಸಿದರು.

ವಧುವಿನ ತಂದೆ ಅತ್ತ ಹೋದ ಮೇಲೆ ಉಸ್ತಾದರು ಹಲ್ಲನ್ನು ಅಂಗೈಗೆ ಉಗುಳಿದರು. ಅದನ್ನು ನೋಡಲೂ ಇಲ್ಲ. ಹೆಬ್ಬೆರಳನ್ನು ಪಕ್ಕದ ಹಲ್ಲಿನ ಮೇಲಿಟ್ಟರು.

"ನಾಳೆ ಮುದ್ದೇಬಿಹಾಳದಾಗ ಲಗ್ನ ಐತಿ. ನೀನರ ನಿಂದ್ರವ್ವಾ."